ಸಾವಿರದ ಇನ್ನೂರು ಆಮೆಗಳು

ನನ್ನ ಹೆಸರಿನ ಹಿಂದೆ ಒಂದು 'ಡಾ.' ಇದೆ. ಅದನ್ನು ಬೋರ್ಡಿನ ಮೇಲೆ ಬರೆಸಿ ಮನೆಯ ಮುಂದೆ ತೂಗುಹಾಕಿದವಳು ನನ್ನ ಹೆಂಡತಿ ಶಾಂತಾ. ಹಾಕಿದ ಮಾರನೆಯ ದಿನವೇ ರಾಣೆಬೆನ್ನೂರಿನ ನಮ್ಮ ಓಣಿಯ ಅಜ್ಜಿಯೊಬ್ಬಳು ತನ್ನ ಹೊಟ್ಟೆನೋವಿಗೆ ಗುಳಿಗೆ ಕೇಳಿಕೊಂಡು ಬಂದಳು. ನಾನು ಆ ಡಾಕ್ಟರ್ ಅಲ್ಲ, ಆಮೆಗಳ ಮೇಲೆ ಓದಿ ಡಾಕ್ಟರ್ ಆದವನು ಎಂದು ತಿಳಿಸಿ ಹೇಳಿದೆ. ಅಜ್ಜಿ ಕೇಳಿದಳು: "ಆಮಿಗೆ ಏನ್ ಜಡ್ಡ ಬರ್ತೈತ್ರಿ?" "ಜಡ್ಡಿಗೆ ಅಲ್ಲಬೇ, ನಾ ಅವನ್ನ ಬರೇ ಎಣಿಸೇನಿ" ಎಂದೆ. "ಎಣಸಾಕ ಡಾಕ್ಟರ್ ಯಾಕ ಬೇಕ್ರೀಯಪ್ಪಾ?" ಎಂದು ಅಜ್ಜಿ ಮೆಟ್ಟಿಲಿಳಿದು ಹೋದಳು. ಓಣಿಯವರು ಈ ಸಂಗತಿಯನ್ನು ಹೇಳಿ ಹೇಳಿ ನಕ್ಕರು. ನಾನೂ ನಕ್ಕಂತೆ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಎಣಿಸಲೂ ಬಂದಿರಲಿಲ್ಲ, ಮತ್ತು ನಾನು ತಪ್ಪು ಎಣಿಸಿದ್ದರಿಂದ ಒಂದು ಕೆರೆಯ ಆಮೆಗಳೆಲ್ಲ ಸತ್ತಿದ್ದವು. ಇದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಆಮೆಯ ಮೇಲೆ ನನಗೆ ಹುಟ್ಟಿನಿಂದ ಪ್ರೀತಿ ಇತ್ತೆಂದು ತಿಳಿಯಬೇಡಿ. ಎಂಬತ್ತರ ದಶಕದಲ್ಲಿ ಕಾಲೇಜಿನ ಮೇಷ್ಟ್ರುಗಳಿಗೆಲ್ಲ ಸಂಶೋಧನೆಯ ಗಾಳಿ ಬಡಿದಿತ್ತು. ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಧಾರವಾಡದಲ್ಲಿದ್ದ ನನ್ನ ಮಾರ್ಗದರ್ಶಕರ ಬಳಿ ಹೋದಾಗ ಕಪ್ಪೆ, ಓತಿಕೇತ, ಬಾವಲಿ, ಎಲ್ಲವನ್ನೂ ನನಗಿಂತ ಚುರುಕಾದವರು ಹಂಚಿಕೊಂಡು ಹೋಗಿದ್ದರು. ಪಂಕ್ತಿಯ ಕೊನೆಗೆ ಕುಳಿತವನಿಗೆ ತಳದ ಪಲ್ಯ ಬಂದಂತೆ ನನ್ನ ಪಾಲಿಗೆ ಆಮೆ ಬಂತು. ಗುರುಗಳು ಸಮಾಧಾನ ಹೇಳಿದರು: "ಓಡಿ ಹೋಗೂ ಪ್ರಾಣಿ ಅಲ್ಲ. ನಿನಗ ಹೊಂದತೈತಿ." ನನ್ನ ವೇಗವನ್ನು ಅವರು ಬಲ್ಲವರಾಗಿದ್ದರು.

ಅಲ್ಲಿಂದ ನಮ್ಮ ಮನೆಯ ಬಚ್ಚಲಲ್ಲಿ ಆಗಾಗ ಒಂದೆರಡು ಆಮೆಗಳು ಬಿಡಾರ ಹೂಡತೊಡಗಿದವು. ಕರಿಯ, ಗಟ್ಟಿ ಚಿಪ್ಪಿನ ಕೆರೆ ಆಮೆಗಳು. ಅವುಗಳ ತೂಕ ನೋಡಲು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯೇ ಗತಿ. ಅಂಗಡಿಯವನು ತಕ್ಕಡಿಯನ್ನು ಮೂರು ಸಲ ತೊಳೆದು ಒಳಗಿಡುತ್ತಿದ್ದ. ಶಾಂತಾ ನೀರು ಕಾಯಿಸಲು ಹೋಗಿ ಕಲ್ಲೆಂದು ತಿಳಿದು ಒಂದರ ಮೇಲೆ ಕಾಲಿಟ್ಟಳು. ಕಲ್ಲು ನಡೆಯತೊಡಗಿದಾಗ ಅವಳು ಕೂಗಿಕೊಂಡದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತಂತೆ. "ಊರಾಗಿನ ಗಂಡಸರು ಮನೀಗೆ ಮಲ್ಲಿಗಿ ತರ್ತಾರು. ನೀವು ನೋಡಿದ್ರ..." ಎಂದು ಅವಳು ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಉಳಿದರ್ಧ ನನಗೆ ತಿಳಿಯುತ್ತಿತ್ತು.

ನಮ್ಮ ಜನಕ್ಕೂ ಆಮೆಗೂ ಇರುವ ಸಂಬಂಧವೇ ವಿಚಿತ್ರ. ಹಳೆಯ ಗುಡಿಗೆ ಹೋದರೆ ನೆಲದಲ್ಲಿ ಕೆತ್ತಿದ ಕಲ್ಲಿನ ಆಮೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದೇ ಆಮೆ ಜೀವಂತವಾಗಿ ಹೊಸ್ತಿಲಲ್ಲಿ ಕಂಡರೆ ಮನೆಗೆ ಕೇಡೆಂದು ಕೋಲಿನಿಂದ ತಳ್ಳುತ್ತಾರೆ. ಸಾವಿರ ವರ್ಷ ಕಾಲಿಗೆ, ಕೈಗೆ ಸಿಕ್ಕು ಸವೆದ ಕಲ್ಲಾಮೆಗೆ ಇರುವ ಮರ್ಯಾದೆ ಉಸಿರಾಡುವ ಆಮೆಗಿಲ್ಲ. ಇದನ್ನು ನಾನು ನನ್ನ ಪ್ರಬಂಧದ ಪೀಠಿಕೆಯಲ್ಲಿ ಬಹಳ ನೊಂದುಕೊಂಡು ಬರೆದಿದ್ದೆ. ಜನರಿಗೆ ಬುದ್ಧಿ ಹೇಳುವ ಹುರುಪು ಆಗ ಬಹಳವಿತ್ತು.

ನಾನು ಆರಿಸಿಕೊಂಡದ್ದು ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ದಾರಿಯಿಂದ ಒಳಗೆ, ಒಂದು ಹಳ್ಳಿಯ ಕೆರೆ. ಅಲ್ಲಿ ಮೀನು ಹಿಡಿಯುತ್ತಿದ್ದ ಫಕೀರಪ್ಪ ನನ್ನ ಕೈಕಾಲಾದ. ಐವತ್ತರ ಆಸುಪಾಸಿನ, ಒಣಗಿದ ಬೇರಿನಂಥ ಮನುಷ್ಯ. ಬಲೆಯಿಲ್ಲದೆ, ಕೆಸರಿನಲ್ಲಿ ಬರಿಗಾಲಲ್ಲಿ ನಡೆದು ಆಮೆ ಹುಡುಕುತ್ತಿದ್ದ. ಕಾಲಿಗೆ ತಾಕಿದ್ದು ಕಲ್ಲೋ ಆಮೆಯೋ ಹೇಗೆ ತಿಳಿಯುತ್ತದೆ ಎಂದು ಕೇಳಿದ್ದಕ್ಕೆ, "ಕಲ್ಲು ಸುಮ್ನ ಇರ್ತೈತ್ರಿ. ಆಮಿ ಸುಮ್ನ ಇದ್ದಂಗ ಮಾಡ್ತೈತಿ. ಫರಕ್ ಅಂಗಾಲಿಗೆ ಗೊತ್ತಾಗ್ತೈತ್ರಿ ಸರ" ಎಂದ. ಇಂಥದೊಂದು ವಾಕ್ಯ ನನ್ನ ಮುನ್ನೂರು ಪುಟಗಳಲ್ಲಿ ಎಲ್ಲಿಯೂ ಇಲ್ಲ.

ಕೆರೆಯ ಆಮೆಗಳನ್ನು ಎಣಿಸುವ ವಿದ್ಯೆಯನ್ನು ನಿಮಗೂ ಸ್ವಲ್ಪ ಹೇಳಬೇಕು, ಹೇಳದಿದ್ದರೆ ನನ್ನ ಪಾಪ ನಿಮಗೆ ತಿಳಿಯುವುದಿಲ್ಲ. ಒಂದು ಚೀಲದ ತುಂಬ ಕಡಲೆ ಇದೆ ಎನ್ನಿ. ಒಂದೊಂದೇ ಎಣಿಸುತ್ತ ಕೂರಲಾಗದು. ಒಂದು ಹಿಡಿ ತೆಗೆದು, ಅಷ್ಟಕ್ಕೆ ಮಾತ್ರ ಕುಂಕುಮ ಹಚ್ಚಿ ಮತ್ತೆ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸುವುದು. ಆಮೇಲೆ ಇನ್ನೊಂದು ಹಿಡಿ ತೆಗೆಯುವುದು. ಅದರಲ್ಲಿ ಕೆಂಪು ಕಡಲೆ ಬಹಳ ಬಂದರೆ ಚೀಲದಲ್ಲಿ ಕಡಲೆ ಕಡಿಮೆ ಇದೆ ಎಂದರ್ಥ. ಕೆಂಪು ಅಪರೂಪಕ್ಕೆ ಬಂದರೆ ಚೀಲ ದೊಡ್ಡದು. ಕುಂಕುಮದ ಬದಲು ನಾನು ಬಡಿಗೇರನ ಅರದಿಂದ ಚಿಪ್ಪಿನ ಎಡ ಅಂಚಿಗೆ ಸಣ್ಣ ಕಚ್ಚು ಹಾಕುತ್ತಿದ್ದೆ. ಆಮೆಗೆ ನೋವಾಗುವುದಿಲ್ಲ ಎಂದು ಪುಸ್ತಕ ಹೇಳಿತ್ತು. ಆಮೆಯನ್ನು ಯಾರೂ ಕೇಳಿರಲಿಲ್ಲ.

ಹತ್ತು ದಿನಗಳಲ್ಲಿ ಫಕೀರಪ್ಪ ನಲವತ್ತು ಆಮೆಗಳನ್ನು ತಂದುಕೊಟ್ಟ. ನಾನು ಎಲ್ಲಕ್ಕೂ ಕಚ್ಚು ಹಾಕಿ ಕೆರೆಗೆ ಬಿಟ್ಟೆ. ಆಮೇಲೆ ಎರಡು ದಿನ ಅವನು ಬರಿಗೈಯಲ್ಲಿ ಬಂದ. "ಇನ್ನ ಸಿಗಾಕ ಒಲ್ಲುವ್ರಿ ಸರ" ಎಂದ. ನಾನು ನಕ್ಕು, ಇಷ್ಟು ದೊಡ್ಡ ಕೆರೆಯಲ್ಲಿ ನೂರಾರು ಇರಲೇಬೇಕು, ನಿನಗೆ ಬೇಸರ ಬಂದಿದೆ ಅಷ್ಟೆ ಎಂದೆ. ಅವನು ವಾದಿಸಲಿಲ್ಲ. ಕಲಿತವರೊಡನೆ ವಾದಿಸುವುದು ಅವನಿಗೆ ಗೊತ್ತಿರಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಹೋಗಿ, "ಇನ್ನೊಂದು ಮೂವತ್ತು ಆಮಿ ಬೇಕು ನೋಡಪಾ" ಎಂದು ಅಪ್ಪಣೆ ಕೊಟ್ಟೆ. ಈ ಸಲ ಅವನಿಗೆ ಹದಿನೈದು ದಿನ ಹಿಡಿಯಿತು. ಗೋಣಿಚೀಲ ಹೊತ್ತು ಬಸವಳಿದು ಬರುತ್ತಿದ್ದ. ಚಳಿಗೆ ಆಮೆಗಳು ಆಳಕ್ಕೆ ಇಳಿದಿವೆ ಎಂದು ನಾನು ಟಿಪ್ಪಣಿ ಮಾಡಿಕೊಂಡೆ. ಚಿಪ್ಪಿನ ಮೇಲೆ ಪಾಚಿಯೂ ಕಡಿಮೆ ಇತ್ತು. ಚಳಿಗಾಲದಲ್ಲಿ ಪಾಚಿ ಕಡಿಮೆಯಾಗುತ್ತದೆ ಎಂದು ಅದಕ್ಕೂ ಒಂದು ಪ್ಯಾರಾ ಬರೆದೆ. ಮೂವತ್ತರಲ್ಲಿ ಕಚ್ಚು ಇದ್ದದ್ದು ಒಂದೇ ಒಂದು. ಉಳಿದವಕ್ಕೆ ಬಲ ಅಂಚಿಗೆ ಕಚ್ಚು ಹಾಕಿ ಎಲ್ಲವನ್ನೂ ಕೆರೆಗೆ ಬಿಟ್ಟು ಲೆಕ್ಕ ಮಾಡಿದೆ. ಸಾವಿರದ ಇನ್ನೂರು.

ಆ ಸಂಖ್ಯೆಯನ್ನು ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ನನ್ನ ಅವ್ವ ಬದುಕಿರುವ ತನಕ ತನ್ನ ಮಕ್ಕಳೆಷ್ಟು ಎಂದು ಯಾರಿಗೂ ಬಾಯಿಬಿಟ್ಟು ಹೇಳಿದವಳಲ್ಲ. ಜನಗಣತಿಗೆ ಬಂದ ಮಾಸ್ತರರಿಗೂ "ಅದಾವ್ರಿ, ದೇವರು ಕೊಟ್ಟಷ್ಟು" ಎಂದು ಹೇಳಿ ಅವರನ್ನು ಗೋಳಾಡಿಸಿದ್ದಳು. ಎಣಿಸಿದರೆ ಕಣ್ಣು ಬೀಳುತ್ತದೆ ಎನ್ನುವುದು ಅವಳ ನಂಬಿಕೆ. ಮಗ ವಿಜ್ಞಾನ ಓದಿ ಅದನ್ನು ಮೂಢನಂಬಿಕೆ ಎಂದು ತಮಾಷೆ ಮಾಡುತ್ತಿದ್ದ. ಈಗಲೂ ಅದು ಮೂಢನಂಬಿಕೆಯೇ ಎನ್ನುತ್ತೇನೆ. ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ಪ್ರಬಂಧ ಟೈಪಾಗುತ್ತಿರುವಾಗ ಬ್ಯಾಡಗಿಯ ಕೆಲವು ಹಿರಿಯರು ನನ್ನಿಂದ ಒಂದು ಉಪನ್ಯಾಸ ಮಾಡಿಸಿದರು. ಮೆಣಸಿನಕಾಯಿಯ ಸುಗ್ಗಿ. ಊರೆಲ್ಲ ಕೆಂಪು ಘಾಟು. ಸಭೆಯಲ್ಲಿದ್ದವರೆಲ್ಲ ಕೆಮ್ಮುತ್ತಿದ್ದರು, ಸೀನುತ್ತಿದ್ದರು. ನಾನು ಅದನ್ನು ಆಸಕ್ತಿಯ ಲಕ್ಷಣವೆಂದು ತಿಳಿದು ಇನ್ನಷ್ಟು ವಿಸ್ತಾರವಾಗಿ ಮಾತಾಡಿದೆ. ನಿಮ್ಮ ಊರ ಮಗ್ಗುಲಿನ ಕೆರೆಯೊಂದರಲ್ಲೇ ಸಾವಿರದ ಇನ್ನೂರು ಆಮೆಗಳಿವೆ ಎಂದಾಗ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕುಳಿತ ಸಾಹುಕಾರರೊಬ್ಬರು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ ಎದ್ದು ನಿಂತರು. ಆ ಕೆರೆಯ ಮೀನಿನ ಗುತ್ತಿಗೆ ಅವರದೇ ಎಂಬುದು ನನಗೆ ಗೊತ್ತಿರಲಿಲ್ಲ.

"ಸರ, ಒಂದ್ ಆಮಿ ದಿನಕ್ಕ ಎಷ್ಟ್ ಮೀನ ತಿಂತೈತ್ರಿ?"

ಈ ಪ್ರಶ್ನೆಗೆ ಸರಿಯಾದ ಉತ್ತರ "ನನಗೆ ಗೊತ್ತಿಲ್ಲ" ಎನ್ನುವುದು. ನಾನು ಅದನ್ನು ನೋಡಿರಲಿಲ್ಲ. ನೋಡಿದ ಮಟ್ಟಿಗೆ ಅವು ಜೊಂಡು, ಬಸವನಹುಳು, ಸತ್ತದ್ದು ಕೆಟ್ಟದ್ದು ತಿನ್ನುತ್ತಿದ್ದವು. ಆದರೆ ವೇದಿಕೆಯ ಮೇಲೆ, ಕೊರಳಲ್ಲಿ ಹಾರ ಹಾಕಿಕೊಂಡವನಿಗೆ ಗೊತ್ತಿಲ್ಲ ಎನ್ನುವ ಮಾತು ಬರುವುದು ಕಷ್ಟ. "ಸಿಕ್ಕರೆ ಒಂದೆರಡು ಮರಿಮೀನು ತಿನ್ನಬಹುದು" ಎಂದುಬಿಟ್ಟೆ. ಸಾಹುಕಾರರು ಕೈಮುಗಿದು ಕುಳಿತರು. ಕುಳಿತಲ್ಲೇ ಅವರು ಗುಣಾಕಾರ ಮಾಡುತ್ತಿದ್ದದ್ದು ನನಗೆ ಕಾಣಿಸಲಿಲ್ಲ. ಉಪ್ಪಿಟ್ಟು ಚೆನ್ನಾಗಿತ್ತು.

ಏಪ್ರಿಲ್ ತಿಂಗಳಲ್ಲಿ ಒಂದು ಮುಂಜಾನೆ ಕಾಲೇಜಿನ ಗೇಟಿನ ಹತ್ತಿರ ಫಕೀರಪ್ಪ ನಿಂತಿದ್ದ. ಅವನು ರಾಣೆಬೆನ್ನೂರಿಗೆ ನನ್ನನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. "ಸರ, ನಿಮ್ಮ ಆಮೀನೆಲ್ಲಾ ತಗದು ದಂಡಿಗೆ ಒಗದಾರ್ರಿ" ಎಂದ. ನಾನು ಪಾಠ ಬಿಟ್ಟು ಅವನ ಜೊತೆ ಬಸ್ಸು ಹತ್ತಿದೆ.

ಕೆರೆ ಬತ್ತುತ್ತ ಬಂದು ನಡುವಿನಲ್ಲಿ ಮಾತ್ರ ನೀರಿತ್ತು. ಸಾಹುಕಾರರು ಎಲ್ಲಿಂದಲೋ ಕರೆಸಿದ ಆಳುಗಳು ಕಬ್ಬಿಣದ ಸರಳು ಹಿಡಿದು ಎರಡು ದಿನ ಕೆಸರನ್ನೆಲ್ಲ ಚುಚ್ಚಿ, 'ಟಣ್' ಎಂದಲ್ಲಿ ಅಗೆದು ತೆಗೆದಿದ್ದರಂತೆ. ಮಳೆಗಾಲದ ತನಕ ಮಲಗಿರೋಣವೆಂದು ಹೂತುಕೊಂಡಿದ್ದ ಪ್ರಾಣಿಗಳು. ತೆಗೆದವನ್ನು ಏರಿಯ ಮೇಲೆ ಅಂಗಾತ ಮಾಡಿ ಸಾಲಾಗಿ ಇಟ್ಟು ಹೋಗಿದ್ದರು. ಕೊಯ್ಯಲಿಲ್ಲ, ಬಡಿಯಲಿಲ್ಲ. ಆ ಬಿಸಿಲಿನಲ್ಲಿ ಅಷ್ಟೇ ಸಾಕು. ಫಕೀರಪ್ಪ ಬೇಡ ಬೇಡ ಎಂದು ಆಳುಗಳ ಹಿಂದೆ ಓಡಾಡಿದನಂತೆ. "ಇವು ಸರ್ಕಾರಿ ಆಮಿ, ಗುರುತು ಐತಿ ನೋಡ್ರಿ ಅಂದೆ. ಕೇಳಲಿಲ್ರಿ" ಎಂದ. ಇವನ್ನು ಹಿಡಿಯಬಾರದೆಂದು ಕಾಯಿದೆ ಇತ್ತು. ಕಾಯಿದೆ ಇರುವುದು ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ವಾಸನೆಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಾನು ಎಣಿಸತೊಡಗಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ, ಎಣಿಸಿದೆ. ಅರವತ್ತಮೂರು. ಆಳುಗಳು ಸುಸ್ತಾಗಿ ಬಿಟ್ಟು ಹೋಗಿರಬೇಕು, ಇನ್ನೂ ಸಾವಿರ ಕೆಸರಿನಲ್ಲಿ ಇರಬೇಕು ಎಂದು ಒಂದು ಕ್ಷಣ ಜೀವ ಹಗುರಾಯಿತು. ಆಮೇಲೆ ಒಂದೊಂದನ್ನೇ ಮಗುಚಿ ಅಂಚು ನೋಡಿದೆ. ಎಡಕ್ಕೆ ಕಚ್ಚು. ಎಡಕ್ಕೆ ಕಚ್ಚು. ಬಲಕ್ಕೆ ಕಚ್ಚು. ಎಡಕ್ಕೆ. ಕಚ್ಚು ಇಲ್ಲದ ಒಂದೇ ಒಂದು ಆಮೆ ಇರಲಿಲ್ಲ. ಇದನ್ನು ಬರೆಯುವಾಗ ಕೂಡ ನನ್ನ ಬೆರಳಿಗೆ ಆ ಬಿಸಿ ಚಿಪ್ಪು ತಾಕುತ್ತದೆ.

"ಫಕೀರಪ್ಪ, ಎರಡನೇ ಸಲ ತಂದಿದ್ದೆಲ್ಲಾ, ಬಲಗಡೆ ಕಚ್ಚಿನವು, ಎಲ್ಲಿ ಸಿಕ್ಕಿದ್ದುವು?"

ಅವನು ಸಂಕೋಚದಿಂದ ಟವೆಲ್ಲು ಹಿಂಡುತ್ತ ಹೇಳಿದ. ಎರಡನೇ ಸಲ ಕೆರೆಗೆ ಇಳಿದಾಗ ಕಾಲಿಗೆ ಸಿಕ್ಕವೆಲ್ಲ ಹಳೆಯವೇ. "ನೀವು ಒಮ್ಮಿ ನೋಡಿ ಬಿಟ್ಟದ್ದನ್ನ ತಿರುಗಿ ನಿಮ್ಮ ಮುಂದ ತಂದಿಡೂದು ಚೊಲೋ ಕಾಣಂಗಿಲ್ರಿ ಸರ. ಅಷ್ಟ ದೂರದಿಂದ ಬರೂ ಮನಷ್ಯಾರು." ಅದಕ್ಕೆ ಹಳೆಯವನ್ನೆಲ್ಲ ನೀರಿಗೆ ಬಿಟ್ಟು, ಹೊಸತಕ್ಕಾಗಿ ಕಾಗಿನೆಲೆಯ ಕಡೆಯ ಹೊಂಡಗಳಿಗೆ ಹೋದನಂತೆ. ಅಲ್ಲಿ ಸಾಲದೆ ಗಳಗನಾಥಕ್ಕೆ ಹೋಗಿ, ಬೀಗರ ಮನೆಯಲ್ಲಿ ಇಳಿದುಕೊಂಡು, ಹೊಳೆಸಾಲಿನ ಮಡುಗಳಲ್ಲಿ ಹಿಡಿದು ತಂದನಂತೆ. ಬಸ್ಸಿನ ಕಂಡಕ್ಟರನಿಗೆ ಚೀಲದಲ್ಲಿರುವುದು ತೆಂಗಿನಕಾಯಿ ಎಂದು ಹೇಳಿದ್ದನಂತೆ. "ಒಂದು ಮಾತ್ರ ಹಳೇದು ಬಂದುಬಿಡ್ತ್ರಿ. ಕಚ್ಚಿನ ಮ್ಯಾಲೆ ಪಾಚಿ ಕುಂತಿತ್ತು, ಕಾಣಲಿಲ್ಲ. ತಪ್ಪಾತ್ರಿ ಸರ."

ನನ್ನ ಇಡೀ ಸಂಶೋಧನೆಯಲ್ಲಿ ನಿಜ ಹೇಳಿದ್ದು ಆ ಒಂದು ಆಮೆ. ಅದಕ್ಕಾಗಿ ಅವನು ಕ್ಷಮೆ ಕೇಳುತ್ತಿದ್ದ. ಆ ಕೆರೆಯಲ್ಲಿ ಇದ್ದದ್ದೇ ನಲವತ್ತು. ಮೊದಲ ಹತ್ತು ದಿನಗಳಲ್ಲೇ ಎಲ್ಲವೂ ನನ್ನ ಕೈಯಲ್ಲಿ ಹಾದು ಹೋಗಿದ್ದವು. ಇನ್ನು ಸಿಗುವುದಿಲ್ಲ ಎಂದು ಅಂಗಾಲಿನಿಂದ ಎಣಿಸಿದವನು ಹೇಳಿದ್ದ. ನಾನು ಅವನ್ನು ಕಾಗದದ ಮೇಲೆ ಸಾವಿರದ ಇನ್ನೂರು ಮಾಡಿ, ಮೀನಿನವರಿಗೆ ಹೆದರಿಕೆ ಹುಟ್ಟಿಸಿ, ಸಾಲದ್ದಕ್ಕೆ ಗಳಗನಾಥದ ಹೊಳೆಸಾಲಿನಲ್ಲಿ ತಮ್ಮ ಪಾಡಿಗೆ ಇದ್ದವನ್ನೂ ಇಲ್ಲಿಗೆ ಸಾಯಲು ಕರೆಸಿಕೊಂಡಿದ್ದೆ.

"ಯಾಕ್ರಿ ಸರ, ನನ್ನಿಂದ ಏನರ ತಪ್ಪಾತೇನ್ರಿ?"

"ಇಲ್ಲಪಾ. ನಿಂದೇನೂ ತಪ್ಪಿಲ್ಲ" ಎಂದೆ. ಸಾಲಿನಲ್ಲಿ ಮೂರು ಆಮೆಗಳು ಇನ್ನೂ ಕಾಲಾಡಿಸುತ್ತಿದ್ದವು. ಫಕೀರಪ್ಪ ಅವನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟ. ಎರಡು ದಾರಿಯಲ್ಲೇ ಹೋದವಂತೆ. ಮೂರನೆಯದನ್ನು ಎಲ್ಲಿ ಬಿಟ್ಟನೆಂದು ನಾನು ಕೇಳಲಿಲ್ಲ. ಕೇಳಿದರೆ ಬರೆದುಕೊಳ್ಳಬೇಕಾಗುತ್ತಿತ್ತು.

ಪ್ರಬಂಧ ಆಗಲೇ ಪರೀಕ್ಷಕರ ಕೈಸೇರಿತ್ತು. ಎಲ್ಲ ಹೇಳಿಬಿಡಬೇಕೆಂದು ಧಾರವಾಡಕ್ಕೆ ಹೋದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಗುರುಗಳು, "ನಿನ್ನ ಎಣಿಕೆಯ ಅಧ್ಯಾಯವನ್ನ ಪರೀಕ್ಷಕರು ಬಾಳ ಹೊಗಳ್ಯಾರ" ಎಂದರು. ಚಹಾ ತರಿಸಿದರು. ಕುಡಿದೆ. ಬಸ್ಸು ಹತ್ತಿ ಬಂದೆ. ಆಮೆಯನ್ನು ಇಷ್ಟು ವರ್ಷ ಓದಿದ ನಾನು ಆಮೆಯಿಂದ ಕಲಿತದ್ದು ಅದೊಂದನ್ನೇ: ತಲೆಯನ್ನು ಒಳಗೆ ಎಳೆದುಕೊಳ್ಳುವುದು. ಮನೆಯಲ್ಲಿ ಪೇಡೆ ಹಂಚಿದರು. ಶಾಂತಾ ಬೋರ್ಡು ಬರೆಸಿದಳು.

ಸುಮ್ಮನಿರಲು ನನ್ನ ಬಳಿ ಒಂದು ಒಳ್ಳೆಯ ನೆಪವೂ ಇತ್ತು. ಸತ್ಯ ಹೊರಬಿದ್ದರೆ ಫಕೀರಪ್ಪನಿಗೆ ತಿಳಿಯುತ್ತದೆ. ತನ್ನ ಮರ್ಯಾದೆಯೇ ಆ ಆಮೆಗಳನ್ನು ಕೊಂದಿತೆಂದು ತಿಳಿದರೆ ಅವನು ಕುಗ್ಗಿಹೋಗುತ್ತಾನೆ. ಅವನ ಸಲುವಾಗಿ ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ಹೀಗೆ ಅಂದುಕೊಂಡು ವರ್ಷಗಟ್ಟಲೆ ನೆಮ್ಮದಿಯಾಗಿ ಊಟ ಮಾಡಿದೆ, ನಿದ್ದೆ ಮಾಡಿದೆ. ಅತ್ತ ಗ್ರಂಥಾಲಯದ ಕಪಾಟಿನಲ್ಲಿ ಸಾವಿರದ ಇನ್ನೂರು ಆಮೆಗಳು ಆರೋಗ್ಯವಾಗಿ ಬದುಕಿದ್ದವು.

ತೊಂಬತ್ತರ ದಶಕದ ನಡುವಿನಲ್ಲಿ ಅವುಗಳನ್ನು ಹುಡುಕಿಕೊಂಡು ಒಬ್ಬಳು ಬಂದಳು. ಸುಜಾತಾ ಎಂದು, ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಕೈಯಲ್ಲಿ ನನ್ನ ಪ್ರಬಂಧದ ಜೆರಾಕ್ಸು. ಕಂಡಕಂಡಲ್ಲಿ ಅಡಿಗೆರೆ ಎಳೆದಿದ್ದಳು. ಪಾಚಿಯ ಪ್ಯಾರಾಕ್ಕೂ ಎಳೆದಿದ್ದಳು. "ಸರ್, ಸಾವಿರದ ಇನ್ನೂರು ಇದ್ದ ಕೆರ್ಯಾಗ ಈಗ ಒಂದೂ ಕಾಣವಲ್ದು ಅಂತಾರ. ಏನ್ ರೋಗ ಬಂತು, ನೀರಾಗ ಏನ್ ಬದಲಾತು ಅಂತ ನೋಡಬೇಕು. ಮೂರು ವರ್ಷದ ಕೆಲಸ" ಎಂದಳು. ಕಣ್ಣಲ್ಲಿ ಹೊಳಪಿತ್ತು. ನನ್ನ ಸುಳ್ಳಿಗೆ ಇನ್ನೊಬ್ಬರ ಮೂರು ವರ್ಷ. ನಾನು ಆಗಲೂ ಏನೂ ಹೇಳದೆ, "ಬಾ, ಕೆರಿ ನೋಡೂಣು" ಎಂದು ಮೋಟೆಬೆನ್ನೂರಿನ ಬಸ್ಸು ಹತ್ತಿಸಿದೆ.

ಏರಿಯ ಮೇಲೆ ಜಾಲಿಯ ನೆರಳಿನಲ್ಲಿ ಫಕೀರಪ್ಪ ಬಲೆ ಹೆಣೆಯುತ್ತ ಕುಳಿತಿದ್ದ. ಮೊಣಕಾಲು ಬಾತಿದ್ದವು. ನನ್ನನ್ನು ನೋಡಿ ಏಳಲು ಹೋಗಿ ಆಗದೆ ಕುಳಿತಲ್ಲೇ ಕೈಮುಗಿದ. ಸುಜಾತಾ ಅವನ ಎದುರು ಕುಕ್ಕುರುಗಾಲಲ್ಲಿ ಕುಳಿತು, ನೋಟ್‌ಬುಕ್ಕು ತೆರೆದು ಕೇಳಿದಳು: "ಅಜ್ಜಾರ, ಈಗ ಈ ಕೆರ್ಯಾಗ ಆಮಿ ಅದಾವೇನ್ರಿ?"

ಫಕೀರಪ್ಪ ನನ್ನ ಮುಖ ನೋಡಿದ. ಆಮೇಲೆ ಅವಳ ಧೂಳು ತುಂಬಿದ ಚಪ್ಪಲಿ ನೋಡಿದ. "ಅದಾವ್ರೀಯವ್ವಾ. ಯಾಕ ಇರಂಗಿಲ್ಲ? ಎಷ್ಟ್ ಬೇಕ ಹೇಳ್ರಿ. ಒಂದೆಂಟು ದಿನ ಟೈಮ್ ಕೊಡ್ರಿ, ನಾ ತಂದುಕೊಡ್ತೇನಿ."

ಆ ಬಾತ ಮೊಣಕಾಲನ್ನು ಎಳೆದುಕೊಂಡು ಅವನು ಎಲ್ಲಿಗೆ ಹೋಗುತ್ತಾನೆಂದು ನನಗೆ ಗೊತ್ತಿತ್ತು. ಹೋಗುತ್ತಿದ್ದ, ಸಂದೇಹವೇ ಇಲ್ಲ. ಆ ಹುಡುಗಿ ಪೆನ್ನಿನ ಮುಚ್ಚಳ ತೆಗೆದಿದ್ದಳು. ನಾನು ಅಲ್ಲೇ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಕಡಲೆಯ ಚೀಲದಿಂದ ಹಿಡಿದು ಉಪ್ಪಿಟ್ಟಿನ ತನಕ, ಇಬ್ಬರಿಗೂ ತಿಳಿಯುವ ಹಾಗೆ. ನನ್ನ ಹೆಸರು ಹಾಕಿಯೇ ಇದನ್ನು ಬರಿ ಎಂದು ಸುಜಾತಾಗೆ ಹೇಳಿದೆ. ಅವಳು ಬರೆದುಕೊಂಡಳು.

ಹೇಳುತ್ತ ಹೋದಂತೆ ನನಗೆ ಹೊಳೆದದ್ದು ಬೇರೆಯೇ. ಹಳೆಯವು ಎಷ್ಟು ತಿರುಗಿ ಬರುತ್ತವೆ ಎನ್ನುವುದೇ ಲೆಕ್ಕದ ಜೀವ ಎಂಬ ಮಾತನ್ನು ನಾನು ಧಾರವಾಡದ ಪಂಡಿತರಿಗೆ ವಿವರಿಸಿದ್ದೆ. ಬ್ಯಾಡಗಿಯಲ್ಲಿ ಕೆಮ್ಮುತ್ತಿದ್ದ ಸಭೆಗೂ ವಿವರಿಸಿದ್ದೆ. ಕೆಸರಿಗೆ ಇಳಿದು ಆಮೆ ತರುವವನಿಗೆ ಒಂದು ದಿನವೂ ಹೇಳಿರಲಿಲ್ಲ. ತರುವವನಿಗೆ ಏತಕ್ಕೆಂದು ತಿಳಿಯಬೇಕು ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಫಕೀರಪ್ಪ ಕುಗ್ಗಲಿಲ್ಲ, ಅಳಲಿಲ್ಲ, ಬಲೆಯ ಗಂಟೊಂದನ್ನು ಬೆರಳಿನಿಂದ ತಿರುವಿದ. ಆಮೇಲೆ ಕೇಳಿದ:

"ಅಂದ್ರ, ಹಳೇವ ಬಂದಿದ್ರ ನಿಮಗ ನಡೀತಿತ್ತೇನ್ರಿ ಸರ?"

"ನಡೀತಿತ್ತು ಫಕೀರಪ್ಪ. ಅವ ಬರಬೇಕಾಗಿತ್ತು."

"ಒಂದ್ ಮಾತ್ ಹೇಳಬೇಕಿಲ್ರೀ?" ಎಂದ ಅವನು, ನೀರಿನ ಕಡೆ ನೋಡುತ್ತ. "ಹಳೇವನ್ನ ತರೂದು ಬಾಳ ಹಗುರಿತ್ರಿ. ಅವು ಇಲ್ಲೇ, ಕಾಲಾಗನ ಇದ್ದುವು."